ಲಂಟಾನ ಗಿಡದ ಹಾವಳಿ

(ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ರೈತರ ಸಭೆಗಳಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜದ ವಿಷಯವೋ ಗೊಬ್ಬರದ ವಿಷಯವೋ ಮಾತಾಡುತ್ತಾನೆಂದು ತಾವು ಎಣಿಸುವುದು ಸಹಜ. ಈ ಹೊತ್ತು ನಾನು ಹೇಳಹೊರಟಿರುವುದು ಯಾರೂ ಬಿತ್ತದೆ, ಯಾರೂ ನೀರು ಕಟ್ಟದೆ, ಹಿಡಿ ಗೊಬ್ಬರವನ್ನೂ ಕೇಳದೆ ನಮ್ಮ ಸೀಮೆಯಲ್ಲಿ ಹುಲುಸಾಗಿ ಬೆಳೆಯುತ್ತಿರುವ ಒಂದು ಗಿಡದ ವಿಷಯ. ಹನೂರಿನಿಂದ ಕೌದಳ್ಳಿ ದಾಟಿ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ದಾರಿಯ ಎರಡು ಮಗ್ಗುಲಲ್ಲೂ ಅದನ್ನು ಕಾಣುತ್ತೀರಿ. ಯಳಂದೂರಿನಿಂದ ಗುಂಬಳ್ಳಿಯ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತಿದರೂ ಅದೇ. ಹಳದಿ, ಕೆಂಪು, ನಸುಗೆಂಪು ಬಣ್ಣ ಬೆರೆತ ಸಣ್ಣ ಹೂವಿನ ಗೊಂಚಲು. ಉಪ್ಪುಕಾಗದದಂತೆ ಒರಟಾದ ಎಲೆ. ಎಲೆಯನ್ನು ಕಿವುಚಿದರೆ ಘಾಟು. ಕೈ ಹಾಕಿದರೆ ಹಿಂದಕ್ಕೆ ಬಾಗಿದ ಮುಳ್ಳು. ಮಳೆಗಾಲ ಕಳೆಯುವ ಹೊತ್ತಿಗೆ ಮೆಣಸಿನ ಕಾಳಿನಂಥ ಕಪ್ಪು ಹಣ್ಣು. ಇದೇ ಲಂಟಾನ.

ಇದು ನಮ್ಮ ನೆಲದ ಗಿಡವಲ್ಲ. ಅಮೆರಿಕಾ ಖಂಡದ ಬಿಸಿ ಪ್ರದೇಶಗಳು ಇದರ ತವರು. ಸುಮಾರು ೨೦೦ ವರ್ಷಗಳ ಹಿಂದೆ, ೧೯ನೆಯ ಶತಮಾನದ ಮೊದಲ ಭಾಗದಲ್ಲಿ, ಹೂವು ಅಂದವಾಗಿದೆಯೆಂದು ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಿದರು. ಉದ್ಯಾನದಿಂದ ದೊರೆಗಳ ಬಂಗಲೆಗಳಿಗೆ ಬಂತು, ಬಂಗಲೆಯಿಂದ ಬೇಲಿಗೆ ಬಂತು. ದನ ತಿನ್ನದ ಬೇಲಿ ಸಿಕ್ಕಿತೆಂದು ಜನ ಸಂತೋಷಪಟ್ಟರು. ಬೇಲಿಯಿಂದ ಕಾಡಿಗೆ ಸಾಗಿಸಿದವರು ಮಾತ್ರ ಮನುಷ್ಯರಲ್ಲ, ಪಿಕಳಾರ, ಮೈನಾ ಮುಂತಾದ ಹಕ್ಕಿಗಳು. ಹಣ್ಣು ತಿಂದು ಮರದ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕಿದರೆ ಅಲ್ಲೊಂದು ಸಸಿ. ಒಂಟಿ ಮರದ ಬುಡದಲ್ಲಿ ಮೊದಲು ಲಂಟಾನ ಏಳುವುದು ಈ ಕಾರಣದಿಂದ.

ಇಲ್ಲಿ ಒಂದು ಮಾತು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಾವು ಬೆಳೆಯುವ ಮುಸುಕಿನ ಜೋಳ, ನಾವು ಅರೆಯುವ ಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆ ಇವೆಲ್ಲವೂ ಅಮೆರಿಕಾ ಖಂಡದಿಂದಲೇ ಬಂದವು. ಆದರೆ ಜೋಳ ನಾವು ಬಿತ್ತಿದರೆ ಉಂಟು, ಬಿತ್ತದಿದ್ದರೆ ಇಲ್ಲ. ಲಂಟಾನಕ್ಕೆ ನಮ್ಮ ಅಪ್ಪಣೆ ಬೇಡ. ತವರಿನಲ್ಲಿ ಅದನ್ನು ತಿಂದು ಹತೋಟಿಯಲ್ಲಿಟ್ಟಿದ್ದ ಹುಳುಗಳು ಅದರೊಡನೆ ಇಲ್ಲಿಗೆ ಬರಲಿಲ್ಲ. ನಮ್ಮ ದನ, ಜಿಂಕೆಗಳು ಅದನ್ನು ಮೂಸಿ ಬಿಡುತ್ತವೆ. ಹೀಗೆ ತಿನ್ನುವವರಿಲ್ಲದ ಗಿಡ ಪಕ್ಕದ ಗಿಡವನ್ನು ಒತ್ತಿ ತಾನೊಂದೇ ಉಳಿಯುತ್ತದೆ. ದೇಶದ ಕಾಡುಗಳಲ್ಲಿ ಇದು ಎಷ್ಟು ಹರಡಿದೆಯೆಂದು ನಡೆಸಿದ ಒಂದು ಅಧ್ಯಯನ ೨೦೨೦ರಲ್ಲಿ ಪ್ರಕಟವಾಯಿತು. ಹುಲಿ ಇರುವ ಸೀಮೆಯಲ್ಲೇ ೧,೫೪,೦೦೦ ಚದರ ಕಿಲೋಮೀಟರು, ಎಂದರೆ ನೂರಕ್ಕೆ ೪೦ಕ್ಕೂ ಮಿಗಿಲಾದ ಭಾಗ, ಲಂಟಾನದ ಪಾಲಾಗಿದೆಯೆಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾರೆ.

ದೇಶದ ಲೆಕ್ಕ ಹಾಗಿರಲಿ, ನಮ್ಮ ಬೆಟ್ಟದ ಲೆಕ್ಕ ಕೇಳಿ. ಬಿಳಿಗಿರಿರಂಗನ ಬೆಟ್ಟದ ಸುಮಾರು ೫೪೦ ಚದರ ಕಿಲೋಮೀಟರು ಕಾಡಿನಲ್ಲಿ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಅಲ್ಲಲ್ಲಿ ತಾಕುಗಳನ್ನು ಗುರುತು ಮಾಡಿ ೧೯೯೭ರಲ್ಲಿ ಒಮ್ಮೆ, ೨೦೦೮ರಲ್ಲಿ ಇನ್ನೊಮ್ಮೆ ಗಿಡಗಳನ್ನು ಎಣಿಸಿದರು. ಮೊದಲ ಸಲ ನೂರಕ್ಕೆ ೪೧ ತಾಕುಗಳಲ್ಲಿ ಲಂಟಾನ ಇತ್ತು. ಹನ್ನೊಂದೇ ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ ೮೧ ತಾಕುಗಳಲ್ಲಿ ಕಂಡಿತು. ಹೆಣ್ಣುಮಗು ಹುಟ್ಟಿ ಶಾಲೆಯ ಐದನೆಯ ತರಗತಿಗೆ ಬರುವಷ್ಟು ಕಾಲ ಅದು, ಅಷ್ಟೇ.

ದೂರದಿಂದ ನೋಡಿದರೆ ಬೆಟ್ಟ ಹಸಿರಾಗಿಯೇ ಕಾಣುತ್ತದೆ. ಮತ್ತಿ, ಹೊನ್ನೆ, ದಿಂಡಿಗ ಎಲ್ಲ ನಿಂತಿವೆ. ಕೆಳಗೆ ಬಗ್ಗಿ ನೋಡಿದವರಿಗೆ ಸಂಗತಿ ತಿಳಿಯುತ್ತದೆ. ಪೊದೆಯ ಕತ್ತಲಲ್ಲಿ ಆ ಮರಗಳ ಸಸಿಗಳು ಮೇಲೇಳಲಾರವು. ಹಟ್ಟಿಯ ತುಂಬ ದನ ಇದೆ, ಎಲ್ಲವೂ ಮುದಿ, ಕರು ಒಂದೂ ಇಲ್ಲ ಎಂದರೆ ಆ ಹಟ್ಟಿಯ ಗತಿ ಏನೆಂದು ತಮಗೆ ಬೇರೆ ಹೇಳಬೇಕಾಗಿಲ್ಲ. ಹುಲ್ಲೂ ಹಾಗೆಯೇ ಅಡಗುತ್ತದೆ. ಕಾಟಿ, ಕಡವೆ, ಆನೆಗಳಿಗೆ ಹುಲ್ಲು ಸಾಲದಾದಾಗ ಅವು ಕಾಡಂಚಿನ ಹೊಲದ ಕಡೆ ತಿರುಗಿದರೆ ಆಶ್ಚರ್ಯವಿಲ್ಲ. ಹಂದಿಯ ಮಾತಂತೂ ಲೊಕ್ಕನಹಳ್ಳಿ, ರಾಮಾಪುರದ ಕಡೆಯವರಿಗೆ ನಾನು ಹೇಳುವುದೇನು? ಹಗಲೆಲ್ಲ ಅದಕ್ಕೆ ಲಂಟಾನದ ಪೊದೆಯೇ ಮನೆ. ಕತ್ತಲಾದ ಮೇಲೆ ತಮ್ಮ ಜೋಳದ ಹೊಲವೇ ಉಗ್ರಾಣ. ಹೊಲಕ್ಕೂ ಪೊದೆಗೂ ನಡುವೆ ಬಯಲಿದ್ದರೆ ಹಂದಿ ಹಿಂದೆಗೆಯುತ್ತದೆ. ಹೊಲದ ಅಂಚಿಗೇ ಪೊದೆ ಬಂದರೆ ರಾತ್ರಿಯಿಡೀ ಕಾವಲು ಕೂತರೂ ಸಾಲದು.

ಬೆಟ್ಟದ ಸೋಲಿಗ ಬಂಧುಗಳಿಗೆ ಈ ಗಿಡ ಇನ್ನೂ ಹತ್ತಿರದ ಶತ್ರು. ನೆಲ್ಲಿಕಾಯಿ, ಜೇನು, ಗೆಡ್ಡೆ-ಗೆಣಸು ಇವೆಲ್ಲ ಅವರ ಜೀವನದ ಆಧಾರ. ನೆಲ್ಲಿಯ ಮರಿಗಿಡ ಲಂಟಾನದ ಅಡಿಯಲ್ಲಿ ಏಳದು; ಇರುವ ಮರದ ಹತ್ತಿರ ಹೋಗುವುದಕ್ಕೂ ಮುಳ್ಳು ಬಿಡದು. ಪೋಡುಗಳ ಹಿರಿಯರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಹಿಂದೆ ಬೇಸಗೆ ಬಲಿಯುವ ಮೊದಲೇ ಅವರು ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಗಿದ ಎಲೆಯನ್ನಷ್ಟೇ ನೆಕ್ಕಿಕೊಂಡು ಮೊಣಕಾಲೆತ್ತರದಲ್ಲಿ ಸರಿದುಹೋಗುವ ಬೆಂಕಿ ಅದು. ಅದರಲ್ಲಿ ಲಂಟಾನದ ಎಳೆಯ ಸಸಿ ಸಾಯುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ಉಣ್ಣೆ ಕಡಿಮೆಯಾಗುತ್ತಿತ್ತು, ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆಯೂ—ಅವರ ಮಾತಿನಲ್ಲಿ ಉಪ್ಪಿಲು—ಹತೋಟಿಯಲ್ಲಿರುತ್ತಿತ್ತು. ೧೯೭೪ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಬೆಂಕಿ ಹಾಕುವುದು ನಿಂತಿತು, ಲಂಟಾನ ಏರಿತು. ಹಿರಿಯರ ಈ ತಿಳಿವಳಿಕೆಯನ್ನು ವಿಜ್ಞಾನಿಗಳು ಕೇಳಿ ಬರೆದುಕೊಂಡು ಪ್ರಕಟಿಸಿದ್ದಾರೆ. ಬೆಟ್ಟದ ತಪ್ಪಲಲ್ಲೇ ಹುಟ್ಟಿ ಬೆಳೆದವರ ಮಾತಿಗೆ ಪುಸ್ತಕದ ಮಾತಿನಷ್ಟೇ ತೂಕವಿದೆಯೆಂದು ನನ್ನ ಅಭಿಪ್ರಾಯ.

ಹಾಗಾದರೆ ಈಗಲೂ ಬೆಂಕಿ ಹಾಕಿಬಿಡೋಣವೇ ಎಂದು ಕೇಳುವಿರಿ. ಖಂಡಿತ ಕೂಡದು. ಹುಲ್ಲು, ತರಗು ಇದ್ದಾಗಿನ ಬೆಂಕಿ ಬೇರೆ, ಆಳೆತ್ತರದ ಲಂಟಾನ ಒಣಗಿ ನಿಂತಾಗಿನ ಬೆಂಕಿ ಬೇರೆ. ಲಂಟಾನ ಮರಕ್ಕೆ ಹಬ್ಬಿಕೊಂಡು ಬೆಳೆಯುವುದರಿಂದ ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಹತ್ತುತ್ತದೆ. ಮರ ಸತ್ತು ಜಾಗ ಬಯಲಾದರೆ ಮರುವರ್ಷ ಬುಡದಿಂದ ಮೊದಲು ಚಿಗುರುವುದು ಲಂಟಾನವೇ. ಮೇಲಾಗಿ ಕಾಡಿಗೆ ಬೆಂಕಿ ಹಾಕುವುದು ಅಪರಾಧ.

ಇನ್ನು ದನದ ವಿಷಯ. ಇದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಹಟ್ಟಿಯಲ್ಲಿ ದನದ ಮುಖವನ್ನು ದಿನಾ ನೋಡುವವರು ಅವರು. ಲಂಟಾನದ ಎಲೆಯಲ್ಲಿ ಈಲಿಯನ್ನು ಕೆಡಿಸುವ ವಿಷವಿದೆ. ಹೊಟ್ಟೆ ತುಂಬ ಮೇವಿದ್ದ ದನ ಇದನ್ನು ಮುಟ್ಟುವುದಿಲ್ಲ. ಬೇಸಗೆಯಲ್ಲಿ ಹಸಿದ ದನ, ಈ ಗಿಡವನ್ನು ಕಂಡರಿಯದ ಊರಿನಿಂದ ಸಂತೆಯಲ್ಲಿ ಕೊಂಡುತಂದ ದನ, ಇವು ಬಾಯಿ ಹಾಕುತ್ತವೆ. ತಿಂದ ಒಂದೆರಡು ದಿನದಲ್ಲಿ ದನ ಮೇವು ಬಿಡುತ್ತದೆ, ಮೆಲುಕು ಹಾಕುವುದಿಲ್ಲ. ಸಗಣಿ ಗಟ್ಟಿಯಾಗಿ ಉಂಡೆಯುಂಡೆಯಾಗುತ್ತದೆ. ಕಣ್ಣಿನ ಬಿಳಿ ಭಾಗ, ವಸಡು ಹಳದಿಯಾಗುತ್ತವೆ. ಗಂಜಲ ಬಣ್ಣ ಕಟ್ಟುತ್ತದೆ. ಬಿಸಿಲು ಕಂಡರೆ ನೆರಳಿಗೆ ಓಡುತ್ತದೆ. ಮೂತಿ, ಕಿವಿ, ಕೆಚ್ಚಲು ಮೊದಲಾಗಿ ಕೂದಲು ಕಡಿಮೆಯಿರುವ ಕಡೆ, ಬಿಳಿಯ ಚರ್ಮವಿರುವ ಕಡೆ ಚರ್ಮ ಕೆಂಪೇರಿ, ಬಿರುಕು ಬಿಟ್ಟು, ಸುಲಿಯುತ್ತದೆ. ಇದನ್ನು ಬಿಸಿಲ ಹುಣ್ಣೆಂದು ಬರಿಯ ಎಣ್ಣೆ ಸವರಿ ಕೂರಬಾರದು. ಹುಣ್ಣು ಹೊರಗೆ ಕಂಡರೂ ಕೆಡುಕು ಒಳಗೆ ಈಲಿಯಲ್ಲಿದೆ.

ಹೊಟ್ಟೆಯ ಚಲನೆ ನಿಂತುಹೋಗುವುದರಿಂದ ತಿಂದ ಸೊಪ್ಪು ಅಲ್ಲಿಯೇ ಕೂತು ದಿನಾ ವಿಷ ಬಿಡುತ್ತಲೇ ಇರುತ್ತದೆ. ಆದ್ದರಿಂದ ಕಾಯುತ್ತ ಕೂತಷ್ಟೂ ನಷ್ಟ. ಮಾಡಬೇಕಾದುದಿಷ್ಟು: ದನವನ್ನು ಕೂಡಲೇ ಕತ್ತಲೆಯ ನೆರಳಿನಲ್ಲಿ ಕಟ್ಟಿ, ನೀರು ಇಟ್ಟು, ಅದೇ ದಿನ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿ, ‘ಲಂಟಾನ ತಿಂದಿರಬಹುದು’ ಎಂದು ಬಾಯಿಬಿಟ್ಟು ಹೇಳಿ. ವಿಷ ಹೀರುವ ಇದ್ದಿಲಿನ ಔಷಧವನ್ನು ಹೊತ್ತು ಮೀರದೆ ಹೊಟ್ಟೆಗೆ ಕೊಟ್ಟರೆ ಬದುಕಿಸಿಕೊಳ್ಳಬಹುದು. ಒಲೆಯ ಇದ್ದಿಲನ್ನು ಅರೆದು ಕುಡಿಸುವ ಸಾಹಸ ಬೇಡ. ಅಳತೆ, ಕ್ರಮ ವೈದ್ಯರಿಗೆ ಗೊತ್ತು. ಲಂಟಾನದ ಹಸಿರು ಕಾಯಿಯನ್ನು ಮಕ್ಕಳೂ ಬಾಯಿಗೆ ಹಾಕದಂತೆ ನೋಡಿಕೊಳ್ಳತಕ್ಕದ್ದು.

ಇದಕ್ಕೆ ಪರಿಹಾರವಾಗಿ ಸರ್ಕಾರದವರು ಏನಾದರೂ ಹುಳು ತಂದು ಬಿಡಬಾರದೇ ಎಂದು ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅವರ ಮನಸ್ಸಿನಲ್ಲಿದ್ದದ್ದು ಪಾಪಸುಕಳ್ಳಿಯ ಕಥೆ. ಆ ಕಳ್ಳಿಯೂ ಅಮೆರಿಕಾದಿಂದ ಬಂದದ್ದೇ. ಬಣ್ಣ ಕೊಡುವ ಹುಳುವನ್ನು ಸಾಕುವ ಆಸೆ ಅದರ ಹಿಂದೆ ಇತ್ತು. ೧೭೯೫ರಲ್ಲಿ ಬಣ್ಣದ ಹುಳುವೆಂದು ಬ್ರೆಜಿಲಿನಿಂದ ತರಿಸಿದ್ದು ಬೇರೆಯೇ ಜಾತಿಯ ಹುಳುವಾಗಿ, ಬಣ್ಣ ಸಿಗಲಿಲ್ಲ, ಒಂದು ಜಾತಿಯ ಕಳ್ಳಿ ಮಾತ್ರ ನಾಶವಾಯಿತು! ಇನ್ನೊಂದು ಜಾತಿಯ ಕಳ್ಳಿ ಮಾತ್ರ ದಕ್ಷಿಣದ ಗೋಮಾಳಗಳನ್ನೆಲ್ಲ ಆಕ್ರಮಿಸಿತು. ಅದಕ್ಕೆ ತಕ್ಕ ಹುಳುವನ್ನು ೧೯೨೬ರಲ್ಲಿ ಸಿಂಹಳದಿಂದ ತಂದು ಬಿಟ್ಟರು. ಕೊಳ್ಳೇಗಾಲ ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೆಲವೇ ವರ್ಷಗಳಲ್ಲಿ ದಕ್ಷಿಣದಲ್ಲಿ ಅಪಾರ ನೆಲ ಕಳ್ಳಿಯಿಂದ ಬಿಡುಗಡೆಯಾಯಿತು.

ಲಂಟಾನದ ಮೇಲೂ ಈ ಉಪಾಯವನ್ನು ಹೂಡದೆ ಇಲ್ಲ. ೧೯೨೧ರಲ್ಲಿ ಹವಾಯಿಯಿಂದ ಅದರ ಕಾಯನ್ನು ಕೊರೆಯುವ ನೊಣವನ್ನು ತಂದರು. ೧೯೪೧ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ತಿಗಣೆಯನ್ನು ತಂದರು. ಪರೀಕ್ಷೆಯ ಕಾಲದಲ್ಲಿ ಅದು ತೇಗದ ಹೂವಿಗೂ ಬಾಯಿ ಹಾಕುವುದು ಕಂಡು ಗಾಬರಿಯಾಗಿ ನಾಶಮಾಡಲು ಹೊರಟರೂ ಅಷ್ಟರಲ್ಲಿ ತಪ್ಪಿಸಿಕೊಂಡು ಹೊರಬಿದ್ದಿತ್ತು. ಎರಡೂ ಈಗ ಇವೆ, ಲಂಟಾನವೂ ಇದೆ. ಪಾಪಸುಕಳ್ಳಿಯಲ್ಲಿ ತಳಿಗಳ ಬೆರಕೆ ಅಷ್ಟಿಲ್ಲ. ಲಂಟಾನವೋ ಹೂದೋಟದವರು ಹಲವು ತಳಿಗಳನ್ನು ಬೆರೆಸಿ ಬೆರೆಸಿ ಮಾಡಿದ ಗಿಡ. ಒಂದನ್ನು ತಿನ್ನುವ ಹುಳುವಿಗೆ ಪಕ್ಕದ್ದು ರುಚಿಸದು. ತಿಗಣೆ ಎಲೆ ಉದುರಿಸಿದರೂ ಮಳೆ ಬಿದ್ದೊಡನೆ ಮತ್ತೆ ಚಿಗುರು. ಆದುದರಿಂದ ಹುಳುವಿನ ದಾರಿ ಕಾಯುವುದನ್ನು ಬಿಟ್ಟು ಹಾರೆ-ಗುದ್ದಲಿ ಹಿಡಿಯುವುದೇ ಸರಿ.

ಗುದ್ದಲಿ ಹಿಡಿಯುವುದರಲ್ಲೂ ಬಗೆಯುಂಟು. ನಮ್ಮವರು ಸಾಮಾನ್ಯವಾಗಿ ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಸವರುತ್ತಾರೆ. ಇದು ಹಿಪ್ಪುನೇರಳೆಗೆ ಮಾಡುವ ಉಪಚಾರ! ಸೊಪ್ಪು ಹೆಚ್ಚು ಬರಲೆಂದು ಹಿಪ್ಪುನೇರಳೆಯನ್ನು ಬುಡದಲ್ಲಿ ಕತ್ತರಿಸುತ್ತೇವಲ್ಲ, ಲಂಟಾನವೂ ಅದೇ ರೀತಿ ಒಂದು ಕಡ್ಡಿ ಇದ್ದ ಕಡೆ ಹತ್ತು ಕಡ್ಡಿ ಎಬ್ಬಿಸುತ್ತದೆ. ಹಾಗೆಂದು ಬೇರನ್ನೆಲ್ಲ ಅಗೆದು ತೆಗೆಯಬೇಕಾಗಿಯೂ ಇಲ್ಲ, ಅಗೆದರೆ ಮಣ್ಣು ಸಡಿಲವಾಗಿ ಮಳೆಗೆ ಕೊಚ್ಚಿಹೋಗುತ್ತದೆ, ಒಳಗೆ ಅಡಗಿದ್ದ ಬೀಜವೂ ಮೇಲೆ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ಉತ್ತರದ ಕಾರ್ಬೆಟ್ ಕಾಡಿನಲ್ಲಿ ಪ್ರಯೋಗ ಮಾಡಿ ಒಂದು ಸುಲಭ ಕ್ರಮ ತೋರಿಸಿದ್ದಾರೆ. ಚಿಗುರುವ ಶಕ್ತಿಯೆಲ್ಲ ಇರುವುದು ಕಾಂಡವೂ ಬೇರೂ ಕೂಡುವ ಗಂಟಿನಲ್ಲಿ. ಆ ಗಂಟಿನ ಕೆಳಗೆ, ಎಂದರೆ ನೆಲಮಟ್ಟದಿಂದ ಎರಡು ಅಂಗುಲದಷ್ಟು ಒಳಗೆ, ತಾಯಿಬೇರನ್ನು ಹಾರೆಯಿಂದಲೋ ಚೂಪಾದ ಗುದ್ದಲಿಯಿಂದಲೋ ಒಂದೇ ಏಟಿಗೆ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ಬೇರು ಮೇಲಾಗಿ ತಲೆಕೆಳಗು ಇಡಬೇಕು. ಬೇರಿಗೆ ಮಣ್ಣು ತಗಲದಿದ್ದರೆ ಬಿಸಿಲಿಗೆ ಒಣಗಿ ಸಾಯುತ್ತದೆ. ಬೆಳೆದ ಪೊದೆಗೆ ಇಬ್ಬರು ಬೇಕು: ಒಬ್ಬರು ಕವಲು ಕೋಲಿನಿಂದ ಪೊದೆಯನ್ನು ಒತ್ತಿ ಹಿಡಿಯುವುದು, ಇನ್ನೊಬ್ಬರು ಬೇರಿಗೆ ಏಟು ಹಾಕುವುದು. ಕೈಗೆ ಗೋಣಿಯ ತುಂಡನ್ನಾದರೂ ಸುತ್ತಿಕೊಳ್ಳಿ. ಮೊದಲು ಕೋಲಿನಿಂದ ಬಡಿದು ನೋಡಿ, ಹಾವು ಇದ್ದೀತು.

ಹೊತ್ತು ಯಾವುದು? ಮುಂಗಾರಿಗೆ ಮುಂಚಿನ ಮಳೆ ಎರಡು ಬಿದ್ದು ನೆಲ ಮೆತ್ತಗಾದಾಗ, ಕಾಯಿ ಕಟ್ಟುವ ಮೊದಲು. ಕಪ್ಪು ಹಣ್ಣು ತುಂಬಿದ ಗಿಡವನ್ನು ಎಳೆದಾಡಿದರೆ ದಾರಿಯುದ್ದಕ್ಕೂ ಬಿತ್ತನೆ ಮಾಡಿದಂತೆ. ಕಾಯಿಲ್ಲದ ಗಿಡದ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಕಡ್ಡಿ ಒಲೆಗೆ ಆದೀತು. ದನದ ಕೊಟ್ಟಿಗೆಯಲ್ಲಿ ಹಾಸುವುದು ಮಾತ್ರ ಬೇಡ.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯುವುದೇ ದೊಡ್ಡ ತೊಡಕು. ಹಲವು ಕಡೆ ಜನ ಸೇರಿ ಒಂದು ದಿನ ಶ್ರಮದಾನ ಮಾಡುತ್ತಾರೆ, ಭಾಷಣವಾಗುತ್ತದೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ಮೊದಲಿಗಿಂತ ದಟ್ಟವಾದ ಪೊದೆ. ನೆಲದಲ್ಲಿ ಬೀಜ ಇದ್ದೇ ಇರುತ್ತದೆ. ಬಯಲಾದ ಜಾಗದಲ್ಲಿ ಬಿಸಿಲು ಬಿದ್ದೊಡನೆ ಮೊಳೆಯುತ್ತದೆ. ಆದ್ದರಿಂದ ಕಿತ್ತ ವಾರದಲ್ಲೇ ಆ ಜಾಗಕ್ಕೆ ಬೇರೆ ಯಜಮಾನನನ್ನು ಕೂರಿಸಬೇಕು. ಗೋಮಾಳವಾದರೆ ಊರ ಸುತ್ತಿನ ಒಳ್ಳೆಯ ಹುಲ್ಲಿನ ಬೀಜ ಕೂಡಿಟ್ಟುಕೊಂಡು ಚೆಲ್ಲಿ, ಮೊದಲ ವರ್ಷ ದನ ಬಿಡದೆ ಹುಲ್ಲು ಕೊಯ್ದು ತನ್ನಿ. ಹೊಲದ ಬದುವಾದರೆ ಹೊಂಗೆ, ಲಕ್ಕಿ ಹಾಕಿ. ಆಮೇಲೆ ಮೂರು ವರ್ಷ, ವರ್ಷಕ್ಕೆ ಎರಡು ಸಲ, ಸಸಿಗಳನ್ನು ಕೈಯಿಂದ ಕೀಳಬೇಕು. ಗೇಣುದ್ದದ ಸಸಿಯನ್ನು ಶಾಲೆಯ ಮಕ್ಕಳೂ ಕೀಳಬಲ್ಲರು. ಅದೇ ಆಳೆತ್ತರವಾದರೆ ಇಬ್ಬರು ಗಂಡಾಳು ಬೇಕು. ಹಕ್ಕಿ ಕೂರುವ ಒಂಟಿ ಮರಗಳ ಬುಡವನ್ನು ಮರೆಯದೆ ನೋಡಿ.

ಎಲ್ಲಿಂದ ಆರಂಭಿಸುವುದು ಎಂಬುದರಲ್ಲೂ ವಿವೇಕ ಬೇಕು. ಜನ ಉತ್ಸಾಹದಿಂದ ಅತಿ ದಟ್ಟವಾದ ಕಡೆಗೆ ನುಗ್ಗುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧ. ಎಲ್ಲಿ ಹುಲ್ಲು ಇನ್ನೂ ಉಳಿದಿದೆಯೋ, ಎಲ್ಲಿ ಲಂಟಾನ ಒಂದೊಂದು ಗಿಡವಾಗಿ ಈಗ ತಾನೇ ಕಾಲಿಡುತ್ತಿದೆಯೋ, ಅಲ್ಲಿ ಮೊದಲು ಕೀಳಿ. ಅಲ್ಲಿ ನಾಲ್ಕು ಆಳಿನ ಒಂದು ದಿನದ ಕೆಲಸದಿಂದ ಎಕರೆಗಟ್ಟಲೆ ಹುಲ್ಲುಗಾವಲು ಉಳಿಯುತ್ತದೆ. ಆಮೇಲೆ ಹೊಲದ ಅಂಚಿನಿಂದ ಹತ್ತಿಪ್ಪತ್ತು ಮಾರು ಅಗಲದ ಪಟ್ಟಿ. ದಟ್ಟವಾದದ್ದು ಕೊನೆಗೆ.

ಬೇಲಿಯನ್ನೂ ಕಿತ್ತರೆ ಹೊಲಕ್ಕೆ ಕಾವಲೇನು ಎಂಬುದು ನ್ಯಾಯವಾದ ಪ್ರಶ್ನೆ. ಒಮ್ಮೆಗೇ ಕೀಳಬೇಡಿ. ಲಂಟಾನದ ಬೇಲಿಯ ಒಳಮಗ್ಗುಲಲ್ಲಿ ಮಳೆಗಾಲದಲ್ಲಿ ಲಕ್ಕಿಯ ಕಡ್ಡಿಗಳನ್ನು ಒತ್ತಾಗಿ ನೆಡಿ. ಅದು ನಮ್ಮ ನೆಲದ್ದೇ ಗಿಡ, ದನ ತಿನ್ನದು, ಕಡ್ಡಿಯಿಂದಲೇ ಬರುತ್ತದೆ. ನಡುನಡುವೆ ಸೀಗೆ ಇದ್ದರೆ ಹಂದಿಗೂ ನುಗ್ಗುವುದು ಕಷ್ಟ. ಅವು ಎದೆಮಟ್ಟಕ್ಕೆ ಬಂದ ಮೇಲೆ ಹಳೆಯ ಬೇಲಿಯನ್ನು ತೆಗೆಯಿರಿ. ಅಲ್ಲಿಯವರೆಗೆ ಹೂ ಬಿಡದಂತೆ ಸವರುತ್ತಿರಿ.

ಕಾಡಿನೊಳಗಿನ ಲಂಟಾನಕ್ಕೆ ನಾವಾಗಿಯೇ ಕೈ ಹಾಕುವಂತಿಲ್ಲ. ಬಿಳಿಗಿರಿರಂಗನ ಬೆಟ್ಟ ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಹದೇಶ್ವರ ಬೆಟ್ಟ ೨೦೧೩ರಲ್ಲಿ ವನ್ಯಜೀವಿಧಾಮವಾಯಿತು. ಅರಣ್ಯ ಇಲಾಖೆಯವರ ಒಪ್ಪಿಗೆಯೊಡನೆ ಮಾತ್ರ ಅಲ್ಲಿ ಕೆಲಸ. ಮಹದೇಶ್ವರ ಬೆಟ್ಟದ ಕಡೆ ಈ ಗಿಡದಿಂದಲೇ ಸಂಪಾದನೆ ಮಾಡುವುದನ್ನು ೨೦೦೪ರ ಹೊತ್ತಿಗೆ ಏಟ್ರೀ ಸಂಸ್ಥೆಯವರ ನೆರವಿನಿಂದ ಸೋಲಿಗರೂ ಬಿದಿರು ಕೆಲಸದವರೂ ಕಲಿತರು. ನೇರವಾದ ಕಡ್ಡಿಗಳನ್ನು ಆರಿಸಿ, ದೊಡ್ಡ ಪೀಪಾಯಿಯಲ್ಲಿ ಕುದಿಸಿ, ತೊಗಟೆ ಸುಲಿದರೆ ಬೆತ್ತದಂತೆ ಬಾಗುತ್ತದೆ. ಕುರ್ಚಿ, ಮೇಜು, ಬುಟ್ಟಿ ಆಗುತ್ತವೆ. ಗೆದ್ದಲು ಬೇಗ ಮುಟ್ಟುವುದಿಲ್ಲ. ಕುರ್ಚಿ ಮಾಡಿಯೇ ಬೆಟ್ಟದ ಲಂಟಾನವನ್ನು ಮುಗಿಸಬಹುದೆಂದು ನಾನು ಹೇಳಲಾರೆ, ಬೇಕಾಗುವುದು ದಪ್ಪ ಕಡ್ಡಿ ಮಾತ್ರ, ಬುಡ ಹಾಗೆಯೇ ಉಳಿದರೆ ಮತ್ತೆ ಚಿಗುರು. ಆದರೂ ಕೀಳುವ ಕೂಲಿಯ ಒಂದು ಭಾಗ ಆ ಗಿಡದಿಂದಲೇ ಹುಟ್ಟಿದರೆ ಸಣ್ಣ ಮಾತಲ್ಲ.

ಹೊಲದಲ್ಲಿ ಏಳುವ ಕಾಂಗ್ರೆಸ್ ಗಿಡ, ೨೦೧೮ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲ ಬಾರಿಗೆ ಕಂಡ ಜೋಳದ ಸೈನಿಕ ಹುಳು, ಇವೂ ಹೊರಗಿನಿಂದ ಬಂದವೇ. ಅವುಗಳ ವಿಷಯ ಬಿತ್ತನೆಗೆ ಮುಂಚೆ ಇನ್ನೊಂದು ದಿನ ಬಂದು ಹೇಳುತ್ತೇನೆ. ಒಟ್ಟಿಗೆ ಹೇಳಿದರೆ ಎರಡೂ ಮನಸ್ಸಿನಲ್ಲಿ ನಿಲ್ಲವು.

ಈಗ ಒಂದು ಕೋರಿಕೆ. ಮುಂದಿನ ಮಳೆ ಬಿದ್ದ ಮೂರನೆಯ ದಿನ ಬೆಳಗ್ಗೆ ಏಳು ಗಂಟೆಗೆ ಗೋಮಾಳದ ಮೇಲ್ಗಡೆಯ ಅಂಚಿನಲ್ಲಿ, ಹುಲ್ಲು ಉಳಿದಿರುವ ಕಡೆ, ಮನೆಗೊಬ್ಬರಂತೆ ಬನ್ನಿ. ಇಬ್ಬರಿಗೊಂದು ಹಾರೆ ಸಾಕು. ಹುಲ್ಲಿನ ಬೀಜ ಇರುವವರು ಒಂದು ಸೇರಾದರೂ ತನ್ನಿ; ಇಲ್ಲದವರು ಲಕ್ಕಿ ಕಡ್ಡಿ ತನ್ನಿ. ಅನುಮಾನವಿದ್ದವರು ಈಗಲೇ ಕೇಳಬಹುದು. ಬೇರನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಶಾಲೆಯ ಹಿಂದಿನ ಬೇಲಿಯಲ್ಲಿ ತೋರಿಸುತ್ತೇನೆ, ಬನ್ನಿ.